ಬೀಜ ತುಳಿದ ಶನಿವಾರ

ಗಂಡನ ಹುಲ್ಲುಹಾಸು ಹಾಳಾಗಿ ಬಿದ್ದ ಬೆಳಿಗ್ಗೆ ಲಿಯೋನಾ ಜಬ್ಲೆವ್ಸ್ಕಿಗೆ ನಗು ಬಂತು. ಬರಬಾರದಿತ್ತು, ನಿಜ. ಅರವತ್ತು ದಾಟಿದ ಹೆಂಗಸು, ಸೇಂಟ್ ಹೆಡ್ವಿಗ್ ಚರ್ಚಿಗೆ ವಾರ ತಪ್ಪದೆ ಹೋಗುವವಳು. ಗಂಡ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದು ಇನ್ನೂ ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದಾನೆ. ಅಂಥ ಹೊತ್ತಿನಲ್ಲಿ ಅವನ ಪ್ರಾಣದಂಥ ಹುಲ್ಲು ಚಿಂದಿಯಾದದ್ದನ್ನು ನೋಡಿ ನಗುವುದೆಂದರೇನು! ಆದರೂ ಬಂತು. ಕಾಫಿ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ರಾತ್ರಿ, ಬಾಲವೆತ್ತಿ ನಾತ ಚಿಮ್ಮಿಸುವ ಕಪ್ಪು ಬಿಳುಪು ಪಟ್ಟೆಯ ಸ್ಕಂಕ್‌ಗಳು ಬಂದು ಹೋಗಿದ್ದವು. ಆ ವರ್ಷ ವಿಸ್ಕಾನ್ಸಿನ್ ಸೀಮೆಯ ವಿಸ್ಲಾ ಊರಿನಲ್ಲಿ ಗೊಣ್ಣೆಹುಳುವಿನ ಕಾಟ ವಿಪರೀತ. ಹುಳು ಹುಲ್ಲಿನ ಬೇರು ತಿನ್ನುತ್ತದೆ, ಹುಳುವನ್ನು ತಿನ್ನಲು ಸ್ಕಂಕ್ ಬರುತ್ತದೆ. ಬಂದ ಪ್ರಾಣಿ ತಿಂದು ಸುಮ್ಮನೆ ಹೋಗುವ ಜಾತಿಯದಲ್ಲ. ಬೇರಿಲ್ಲದ ಹುಲ್ಲನ್ನು ಚಾಪೆಯ ಹಾಗೆ ಸುತ್ತಿ ಪಕ್ಕಕ್ಕೆ ತಳ್ಳಿ, ಮನೆಯ ಮುಂದಿನ ಅಂಗಳವನ್ನೆಲ್ಲ ಕೆದರಿ, ಹೋಗುವಾಗ ತಮ್ಮ ನಾತವನ್ನೂ ಬಿಟ್ಟು ಹೋಗಿದ್ದವು.

"ಲೀ!" ಒಳಕೋಣೆಯಿಂದ ಎರ್ವಿನ್ ಕೂಗಿದ. "ಏನೇ ಅದು, ಕೆಟ್ಟ ನಾತ?"

"ಏನಿಲ್ಲ. ಮಲಕ್ಕೋ ನೀನು."

"ನನ್ ಲಾನ್‌ಗೇನಾದ್ರೂ ಆಯ್ತಾ?"

ನೋಡಿ, ಮನೆಗೆ ಏನಾದರೂ ಆಯಿತೇ, ಹೆಂಡತಿಗೆ ಏನಾದರೂ ಆಯಿತೇ ಎಂಬ ಮಾತೇ ಇಲ್ಲ. ಅವನ ಬುದ್ಧಿ ನೇರವಾಗಿ ಲಾನಿಗೇ ಓಡಿತು. ಲಿಯೋನಾ ಬಾಯಿ ತೆರೆಯುವ ಮೊದಲೇ ಅವನು ಪೈಜಾಮದ ಲಾಡಿ ಹಿಡಿದುಕೊಂಡು ಜಗಲಿಗೆ ಬಂದು ನಿಂತಿದ್ದ. ನೋಡಿದ. ಕುರ್ಚಿ ಎಳೆದುಕೊಂಡು ಕುಳಿತ. ಜೋರಾಗಿ ಅತ್ತರೆ ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತದೆಂದು "ಅಯ್ಯೋ, ಅಯ್ಯೋ" ಎಂದು ಸಣ್ಣ ದನಿಯಲ್ಲಿ ಹೇಳುತ್ತಾ ಹೋದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಜಗಲಿಯಲ್ಲಿ ಅವತ್ತು ನಡೆದದ್ದು ಅದೇ. ಲಿಯೋನಾಗೆ ಕನಿಕರವೂ ಬಂತು, ಸುಳ್ಳು ಹೇಳಬಾರದು. ಆದರೆ ಆ ಕನಿಕರದ ಅಡಿಯಲ್ಲಿ ಒಂದು ಯೋಚನೆ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕುತ್ತಿತ್ತು.

ಆ ಯೋಚನೆ ತಿಳಿಯಬೇಕಾದರೆ ಅವಳ ಬಾಳನ್ನು ಸ್ವಲ್ಪ ತಿಳಿದಿರಬೇಕು. ಲಿಯೋನಾ ಹುಟ್ಟಿದ್ದು ಊರಾಚೆಯ ಹೈನಿನ ಮನೆಯಲ್ಲಿ. ಅಪ್ಪ ವಾರವೆಲ್ಲ ಹಸು ಕರೆಯುತ್ತಿದ್ದ, ಶನಿವಾರ ರಾತ್ರಿ ಗ್ರೋಷೆಕ್ ಎಂಬ ಕುಣಿತದ ಹಾಲ್‌ನಲ್ಲಿ ಕನ್ಸರ್ಟೀನಾ ನುಡಿಸುತ್ತಿದ್ದ. ತೊಡೆಯ ಮೇಲಿಟ್ಟುಕೊಂಡು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಆ ಚೌಕದ ಪೆಟ್ಟಿಗೆ ಹಾರ್ಮೋನಿಯಮ್ಮಿನ ದಾಯಾದಿ ಇದ್ದ ಹಾಗೆ. ವಿಸ್ಕಾನ್ಸಿನ್ ಸೀಮೆಯ ಪೋಲಿಷ್ ಜನಕ್ಕೆ ಅದಿಲ್ಲದೆ ಪೋಲ್ಕಾ ಕುಣಿತವಿಲ್ಲ, ಪೋಲ್ಕಾ ಇಲ್ಲದೆ ಮದುವೆಯಿಲ್ಲ, ನಾಮಕರಣವಿಲ್ಲ, ಕೆಲವರ ಮನೆಯಲ್ಲಿ ತಿಥಿಯೂ ಇಲ್ಲ. ಲಿಯೋನಾಳ ಮದುವೆಯಾದ ವರ್ಷವೇ ಅಪ್ಪನ ಬೆರಳುಗಳು ಮರಗಟ್ಟಿದವು. ಪೆಟ್ಟಿಗೆ ಮಗಳ ತೊಡೆಗೆ ಬಂತು. ಅಂದಿನಿಂದ ಅವಳು ವಾರವೆಲ್ಲ ಚೀಸ್ ಕಾರ್ಖಾನೆಯಲ್ಲಿ ತಲೆಗೆ ಬಲೆಟೋಪಿ ಹಾಕಿಕೊಂಡು ಗಟ್ಟಿ ಚೀಸು ಪ್ಯಾಕ್ ಮಾಡುವವಳು, ಶನಿವಾರ ರಾತ್ರಿ ಮಾತ್ರ ರಾಣಿ. ಅವಳು ಪೆಟ್ಟಿಗೆ ಬಿಚ್ಚಿದರೆ ಊರುಗೋಲು ಹಿಡಿದು ಬಂದವರು ಕೋಲನ್ನು ಮೂಲೆಗಿಟ್ಟು ಏಳುತ್ತಿದ್ದರು. ತಾನು ಯಾರೆಂದು ಯಾರಾದರೂ ಕೇಳಿದರೆ ಅವಳ ಬಾಯಿಗೆ ಕಾರ್ಖಾನೆಯ ಹೆಸರು ಬರುತ್ತಲೇ ಇರಲಿಲ್ಲ.

ಆ ಕುಣಿತದ ಹಾಲ್‌ನ ಯಜಮಾನ ತೀರಿಕೊಂಡ. ಮಕ್ಕಳಿಗೆ ಕುಣಿತದ ಗೋಜು ಬೇಡವಾಗಿತ್ತು. ಚಳಿಗಾಲದಲ್ಲಿ ದೋಣಿ ಇಡಲು ಜಾಗ ಬೇಕಾದವರಿಗೆ ಅದನ್ನು ಬಾಡಿಗೆಗೆ ಕೊಟ್ಟುಬಿಟ್ಟರು. ಮೂರು ತಲೆಮಾರು ಕುಣಿದು ನುಣುಪಾಗಿದ್ದ ಮರದ ನೆಲದ ಮೇಲೆ ಈಗ ದೋಣಿಗಳು ಹೊದ್ದು ಮಲಗಿದ್ದವು. ಲಿಯೋನಾ, ಡ್ರಮ್ ಬಾರಿಸುವ ಅವಳ ಗೆಳತಿ ಡೆಲ್ಫಿನ್, ಇನ್ನಿಬ್ಬರು, ಇಷ್ಟು ಜನ ಲಿಯೋನಾಳ ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮಷೀನಿನ ಪಕ್ಕ ಕುಳಿತು ನುಡಿಸುತ್ತಿದ್ದರು. ಯಾರೂ ಕುಣಿಯದ ಪೋಲ್ಕಾ ಉಪ್ಪಿಲ್ಲದ ಅಡುಗೆ.

ಹಾಗಾಗಿ ಪ್ರತಿ ವಸಂತದಲ್ಲೂ ಲಿಯೋನಾ ಗಂಡನನ್ನು ಕೇಳುತ್ತಿದ್ದಳು. ಮನೆಯ ಮುಂದೆ ಅಷ್ಟಗಲದ ಲಾನ್ ಇದೆ, ಬೇಸಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಊರವರನ್ನು ಕರೆದು ಕುಣಿಸೋಣವೇ ಎಂದು. ಎರ್ವಿನ್ ಪ್ರತಿ ವಸಂತದಲ್ಲೂ ಒಂದೇ ಉತ್ತರ ಕೊಡುತ್ತಿದ್ದ: "ಹುಲ್ಲು ಹಾಳಾಗುತ್ತೆ."

ಎರ್ವಿನ್ ಎಂಥವನೆಂದರೆ, ಊರಿನಲ್ಲಿ ಅಂಚೆ ಹಂಚಿ ನಿವೃತ್ತನಾದವನು. ನೌಕರಿಯುದ್ದಕ್ಕೂ ಒಬ್ಬರ ಲಾನನ್ನೂ ಅಡ್ಡ ಹಾಯ್ದವನಲ್ಲ. ಬೇರೆ ಅಂಚೆಯವರು ಈ ಮನೆಯ ಬಾಗಿಲಿಂದ ಆ ಮನೆಯ ಬಾಗಿಲಿಗೆ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ದಾಟಿದರೆ, ಇವನು ಪ್ರತಿ ಮನೆಯಿಂದಲೂ ರಸ್ತೆಗೆ ಇಳಿದು, ಸುತ್ತಿ, ಮತ್ತೆ ಹತ್ತುತ್ತಿದ್ದ. ಅವನ ಬೀದಿಗಳಿಗೆ ಅಂಚೆ ಬರುವಷ್ಟರಲ್ಲಿ ಊಟದ ಹೊತ್ತು. ಅಂಥವನು ತನ್ನ ಲಾನಿನ ಮೇಲೆ ಬೇರೆಯವರ ಕಾಲು ಬೀಳಲು ಬಿಟ್ಟಾನೆಯೇ? ಈಸ್ಟರಿಗೆ ಬಂದ ನೆಂಟರೂ ಕಲ್ಲುಹಾದಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮೆರವಣಿಗೆ ಬರಬೇಕು.

ಈಗ ಆ ಲಾನ್ ಇರಲಿಲ್ಲ. ಬರೀ ಕಪ್ಪು ಮಣ್ಣು.

ಎರ್ವಿನ್ ಅವತ್ತೆಲ್ಲ ಲಾನ್ ಕೆಲಸದ ಕಂಪನಿಗಳಿಗೆ ಫೋನ್ ಮಾಡಿದ. ಊರಿಗೆ ಊರೇ ಹುಳು ಹತ್ತಿದ ವರ್ಷ, ಯಾರೂ ಅಕ್ಟೋಬರಿಗೆ ಮೊದಲು ಬರುವಂತಿರಲಿಲ್ಲ. ಅಕ್ಟೋಬರಿಗೆ ಬಿತ್ತಿದರೆ ಮೊಳಕೆಯೊಡೆಯುವ ಮೊದಲೇ ಮಂಜು ಕಡಿಯುತ್ತದೆ. ಬೀಜ ಬಿತ್ತುವುದಿದ್ದರೆ ಈಗಲೇ, ಮಣ್ಣಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಆರದಿರುವಾಗ, ಮೇಪಲ್ ಮರದ ಎಲೆ ಉದುರುವ ಮೊದಲು. ಅವನು ಹಾಲಿನ ಕ್ಯಾನ್ ಎತ್ತುವುದನ್ನೂ ಡಾಕ್ಟರು ಬೇಡವೆಂದಿದ್ದರು.

ಸಂಜೆ ಡೆಲ್ಫಿನ್ ಗಸಗಸೆ ಸುರುಳಿ ಬ್ರೆಡ್ಡು ತೆಗೆದುಕೊಂಡು ರೋಗಿಯನ್ನು ನೋಡಲು ಬಂದಿದ್ದಾಗ, ಲಿಯೋನಾ ಮೂರು ಲೋಟಕ್ಕೆ ಬ್ರಾಂಡಿ ಬಗ್ಗಿಸಿ ಮಾತೆತ್ತಿದಳು.

"ನಾನು ಬಿತ್ತೀನಿ."

"ನೀನಾ?" ಎರ್ವಿನ್ ಲೋಟ ಕೆಳಗಿಟ್ಟ. "ಕುಂಡದಲ್ಲಿ ಪುದೀನ ಒಣಗಿಸಿದವಳು ನೀನು."

"ನೀನು ಇಲ್ಲಿ ಕೂತ್ಕೊಂಡು ಹೇಳು, ನಾನು ಮಾಡ್ತೀನಿ. ಹುಲ್ಲು ಬಂದ್ರೆ ಬೇಸಿಗೇಲಿ ತಿಂಗಳಿಗೊಂದು ಭಾನುವಾರ ಅದ್ರ ಮೇಲೆ ಕುಣಿತ. ಒಪ್ಪಿಗೆನಾ?"

ಎರ್ವಿನ್ ಗೋಡೆಯ ಕಡೆ ನೋಡಿದ, ಹೊಟ್ಟೆಯ ಕಡೆ ನೋಡಿದ, ಕಿಟಕಿಯಾಚೆಯ ಮಣ್ಣಿನ ಕಡೆ ನೋಡಿದ. ಅತ್ತ ದರಿ, ಇತ್ತ ಪುಲಿ.

"ಸರ್ವಸಂತರ ಹಬ್ಬದೊಳಗೆ," ಎಂದ ಕೊನೆಗೆ. "ನವೆಂಬರ್ ಮೊದಲ್ನೇ ತಾರೀಕಿನೊಳಗೆ ನಾನು ಮಷೀನ್ ಹೊಡೆದು ಕತ್ತರಿಸೋ ಅಷ್ಟು ಎತ್ತರ ಬಂದಿರ್ಬೇಕು. ಬಂದ್ರೆ ಕುಣ್ಕೊಳ್ಳಿ. ಬರ್ಲಿಲ್ಲಾಂದ್ರೆ, ಲೀ, ಈ ಮಾತು ಮತ್ತೆ ಎತ್ತೋ ಹಾಗಿಲ್ಲ. ಸಾಯೋವರ್ಗೂ ಎತ್ತೋ ಹಾಗಿಲ್ಲ."

"ನಾನು ಸಾಕ್ಷಿ," ಎಂದಳು ಡೆಲ್ಫಿನ್, ಬಾಯಿ ತುಂಬ ಗಸಗಸೆ ಇಟ್ಟುಕೊಂಡು. "ಯಾರು ಮಾತು ತಪ್ಪಿದ್ರೂ ಡ್ರಮ್ ಕೋಲಲ್ಲೇ ಹೊಡೀತೀನಿ."

ಲಿಯೋನಾ ಕೈ ಚಾಚಿ ಗಂಡನ ಕೈ ಕುಲುಕಿದಳು. ಸಾಯುವವರೆಗೂ ಎಂಬ ಮಾತು ಅವಳ ಎದೆಗೆ ತಣ್ಣಗೆ ತಾಗಿತು. ಆದರೂ ಅವಳಿಗೆ ಅವತ್ತು ನಿದ್ದೆ ಬರಲಿಲ್ಲ, ಖುಷಿಗೆ.

ಮರುದಿನದಿಂದ ಕೆಲಸ. ಸತ್ತ ಹುಲ್ಲನ್ನು ಎಳೆದು ಗಾಡಿಗೆ ತುಂಬಿದಳು. ಹುಳುವಿಗೆ ಔಷಧಿ ಹಾಕಿದಳು. ಕಬ್ಬಿಣದ ಹಲ್ಲಿನ ರೇಕಿನಿಂದ ಮಣ್ಣನ್ನು ಗೀರಿ ಗೀರಿ ಸಡಿಲ ಮಾಡಿದಳು. ಚೀಸ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಎತ್ತಿ ಇಳಿಸಿದ ತೋಳುಗಳು, ಸುಲಭಕ್ಕೆ ಸೋಲುವಂಥವಲ್ಲ. ಎರ್ವಿನ್ ಜಗಲಿಯ ಕುರ್ಚಿಯಿಂದ ಆಜ್ಞೆ ಹೊರಡಿಸುತ್ತಿದ್ದ.

"ಆಳ ಆಯ್ತು! ಮೇಲೆ ಮೇಲೆ ಗೀರು ಅಂದ್ನಲ್ಲ! ಆಲೂಗಡ್ಡೆ ಹಾಕ್ತಿದ್ದೀಯಾ?"

"ಬಾಯಿ ಮುಚ್ಕೊಂಡು ಕೂತ್ಕೋ, ಹೊಲಿಗೆ ಬಿಚ್ಚುತ್ತೆ."

"ಆ ಮೂಲೆ ಬಿಟ್ಟೆ ನೋಡು!"

ಶನಿವಾರ ಬೆಳಿಗ್ಗೆ ಬೀಜ ಚೆಲ್ಲಿದಳು. ಚೀಲಕ್ಕೆ ಕೈ ಹಾಕಿದಾಗ ಬೀಜ ತಣ್ಣಗೆ, ಹಗುರವಾಗಿ ಬೆರಳ ಸಂದಿಯಲ್ಲಿ ಜಾರಿತು. ಬೇಗ ಮೊಳೆಯುವ ರೈ ಹುಲ್ಲು, ತಡವಾಗಿ ಬಂದು ಗಟ್ಟಿಯಾಗಿ ನಿಲ್ಲುವ ನೀಲಿಹುಲ್ಲು, ಎಲ್ಲ ಬೆರೆಸಿದ್ದು. ಚಕ್ರದ ಡಬ್ಬಿ ತಳ್ಳುತ್ತಾ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹೋದಳು. ಡಬ್ಬಿಯ ಕೆಳಗಿನ ತಟ್ಟೆ ಗಿರ್ರೆಂದು ತಿರುಗಿ ಬೀಜವನ್ನು ಎರಡೂ ಕಡೆಗೆ ಎರಚುವುದನ್ನು ನೋಡಿ ಅವಳಿಗೆ ಹುರುಪು ಏರಿ, ಬಾಯಲ್ಲಿ ಪೋಲ್ಕಾ ಗುನುಗಿಕೊಂಡೇ ಮುಗಿಸಿದಳು.

ಬಿತ್ತಿದ ಮೇಲೆ ಒತ್ತಬೇಕು. ನೀರು ತುಂಬಿದ ಉಕ್ಕಿನ ರೋಲರ್ ಎಳೆದು ಬೀಜವನ್ನು ಮಣ್ಣಿಗೆ ಅಂಟಿಸದಿದ್ದರೆ ಮೊಳಕೆ ಬರುವುದಿಲ್ಲ. ಲಿಯೋನಾ ಹಾರ್ಡ್‌ವೇರ್ ಅಂಗಡಿಯ ಕ್ಲೆಮ್ ವಾಂಟಾನಿಗೆ ಫೋನ್ ಮಾಡಿದಳು.

"ರೋಲರಾ?" ಎಂದ ಕ್ಲೆಮ್. "ಲಿಯೋನಾ, ಈ ಊರಲ್ಲಿ ಸ್ಕಂಕ್ ಹೋಗದಿರೋ ಮನೆ ಯಾವುದಿದೆ ಹೇಳು. ಇರೋ ರೋಲರೆಲ್ಲ ಹೊರಗಿದೆ. ಮಂಗಳವಾರ ಬಾ."

ಆಕಾಶದ ಪಡುವಣ ಅಂಚು ಆಗಲೇ ಕಪ್ಪಾಗಿತ್ತು. ರೇಡಿಯೋದವರು ಸಂಜೆಗೆ ದೊಡ್ಡ ಮಳೆ ಎನ್ನುತ್ತಿದ್ದರು. ಎರ್ವಿನ್‌ನ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಒತ್ತದ ಬೀಜದ ಮೇಲೆ ಆ ಮಳೆ ಬಿದ್ದರೆ ಅಷ್ಟೂ ಬೀಜ ಚರಂಡಿ ಸೇರುತ್ತದೆ.

"ಮುಗೀತು," ಎಂದ ಎರ್ವಿನ್. ಗೆದ್ದವನ ದನಿಯಲ್ಲ, ಪಾಪ. ಅವನ ಮುಖವೂ ಬಾಡಿತ್ತು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ."

ಲಿಯೋನಾ ಮೆಟ್ಟಿಲ ಮೇಲೆ ಕುಳಿತು ಮಣ್ಣನ್ನು ನೋಡಿದಳು. ಚಿಕ್ಕಂದಿನಲ್ಲಿ ಅಜ್ಜಿ ಹುಳಿ ಬರಿಸಲು ಎಲೆಕೋಸು ಹೆಚ್ಚಿ ಪೀಪಾಯಿಗೆ ತುಂಬಿ, ಮಕ್ಕಳ ಕಾಲು ತಿಕ್ಕಿ ತೊಳೆದು ಒಳಗೆ ಇಳಿಸುತ್ತಿದ್ದಳು. ತುಳಿಯಿರಿ, ರಸ ಬಿಡುವ ತನಕ ತುಳಿಯಿರಿ. ತುಳಿಯುವುದಕ್ಕೆ ತಾಳ ಬೇಕಲ್ಲ, ಅಪ್ಪ ಪಕ್ಕದಲ್ಲಿ ಕುಳಿತು ಕನ್ಸರ್ಟೀನಾ ನುಡಿಸುತ್ತಿದ್ದ. ಅದು ನೆನಪಾದದ್ದೇ ತಡ, ಲಿಯೋನಾ ದಡಕ್ಕನೆ ಎದ್ದು ಫೋನಿಗೆ ಓಡಿದಳು.

"ಡೆಲ್ಫಿನ್! ಚರ್ಚಲ್ಲಿ ನಾಲ್ಕು ಗಂಟೆ ಪೂಜೆ ಮುಗಿದ್ಮೇಲೆ ಎಲ್ರನ್ನೂ ಕರ್ಕೊಂಡು ಬಾ. ಪೋಲ್ಕಾ ಗೊತ್ತಿರೋ ಎಲ್ರನ್ನೂ. ಚಪ್ಪಟೆ ಅಟ್ಟೆಯ ಶೂ ಇರ್ಲಿ."

"ಯಾಕೇ? ಎಲ್ಲಿ ಕುಣಿತ?"

"ನಮ್ಮ ಲಾನ್ ಮೇಲೆ."

"ಎರ್ವಿನ್ ಸತ್ತೋದ್ನಾ?" ಎಂದಳು ಡೆಲ್ಫಿನ್.

ಐದು ಗಂಟೆಗೆ ಬೀದಿಯುದ್ದಕ್ಕೂ ಕಾರುಗಳು. ಚರ್ಚಿನ ಬಟ್ಟೆಯಲ್ಲೇ ಜನ ಇಳಿದರು. ಕುಣಿತದ ಹಾಲ್ ಮುಚ್ಚಿದ ಮೇಲೆ ಒಬ್ಬರ ಮುಖ ಒಬ್ಬರು ಬರೀ ಸಾವಿನ ಮನೆಯಲ್ಲಿ ನೋಡಿಕೊಂಡವರು ಅವರು. ಈಗ ಕೈ ಉಜ್ಜಿಕೊಳ್ಳುತ್ತಾ, ಹೆಂಗಸರು ಸ್ಕರ್ಟು ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳುತ್ತಾ, ಮಣ್ಣಿನಂಚಿನಲ್ಲಿ ಸಾಲಾಗಿ ನಿಂತರು. ಕಾಲಿಡಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಎಲ್ಲರೂ ಜಗಲಿಯ ಕಡೆ ನೋಡುತ್ತಿದ್ದರು.

"ಲೀ," ಎಂದ ಎರ್ವಿನ್, ಕುರ್ಚಿಯ ಕೈ ಬಿಗಿಹಿಡಿದು. "ಹುಲ್ಲಿನ ಮೇಲೆ ಯಾರೂ ಕಾಲಿಡೋ ಹಾಗಿಲ್ಲ."

"ಹುಲ್ಲು ಎಲ್ಲಿದೆ, ತೋರ್ಸು," ಎಂದಳು ಲಿಯೋನಾ. "ಮಣ್ಣು ಕಣೋ ಇದು. ನಿನ್ನ ರೋಲರ್ ಬಂದು ನಿಂತಿದೆ. ಬೇಡ ಅಂದ್ರೆ ಹೇಳು, ವಾಪಸ್ ಕಳಿಸ್ತೀನಿ."

ಪಡುವಣದಲ್ಲಿ ಗುಡುಗು ಉರುಳಿತು. ಎರ್ವಿನ್ ಆ ಕಡೆ ಕತ್ತೆತ್ತಿ ನೋಡಿದ. ಆಮೇಲೆ ಕೈ ಬೀಸಿ, ಆಗಲಿ ಎಂದ.

ಲಿಯೋನಾ ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ಅಡುಗೆಮನೆಯ ಕುರ್ಚಿ ಹಾಕಿ ಕುಳಿತು ಪೆಟ್ಟಿಗೆ ಬಿಚ್ಚಿದಳು. ಡೆಲ್ಫಿನ್ ಡ್ರಮ್ಮಿಗೆ ಕೋಲು ತಾಗಿಸಿದಳು. ಮೊದಲ ಸ್ವರ ತೆರೆದ ಆಕಾಶಕ್ಕೆ ಹೋದಾಗ ಲಿಯೋನಾಳ ಮೈಯೆಲ್ಲ ಜುಮ್ಮೆಂದಿತು. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಒಗೆಯುವ ಮಷೀನಿಗೆ ಕೇಳಿಸಿದ ಸಂಗೀತವದು. ಜನ ಜೋಡಿ ಜೋಡಿಯಾಗಿ ಮಣ್ಣಿಗೆ ಇಳಿದರು.

"ನೆಲ ಡೊಂಕು!" ಎಂದು ಯಾರೋ ಕೂಗಿದರು.

"ಕುಣಿಯಲಾರದವ್ರ ಮಾತು ಅದು, ಗೊತ್ತಿರೋದೇ!" ಎಂದು ಡೆಲ್ಫಿನ್ ಡ್ರಮ್ಮಿನ ಹಿಂದಿನಿಂದಲೇ ತಿರುಗಿ ಕೊಟ್ಟಳು.

ಒಂದು ಸುತ್ತು ಮುಗಿಯುವಷ್ಟರಲ್ಲಿ ಎರ್ವಿನ್ ಎದ್ದು ನಿಂತಿದ್ದ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. "ಜಾರಬೇಡಿ! ಗಿರಗಿರ ತಿರುಗಬೇಡಿ, ಹಿಮ್ಮಡಿ ಗುಂಡಿ ಮಾಡುತ್ತೆ! ನೆಗೀರಿ! ನಿಂತಲ್ಲೇ ನೆಗೆದು ನೆಗೆದು ಮುಂದಕ್ಕೆ ಹೋಗಿ!"

ಜನ ನಕ್ಕು ನೆಗೆಯತೊಡಗಿದರು. ಎರ್ವಿನ್ ದನಿ ಏರಿಸಿದ. ಎಡಕ್ಕೆ ಹೋಗಿ, ಇಳಿಜಾರಿನ ಕಡೆ ಇನ್ನೂ ತುಳಿತ ಸಾಲದು, ಮೇಪಲ್ ಮರದ ಬುಡ ಬಿಟ್ಟಿರಿ. ಅಷ್ಟರಲ್ಲಿ ಕ್ಲೆಮ್ ವಾಂಟಾ ಅಂಗಡಿ ಮುಚ್ಚಿ ಬಂದ. ಬಾಗಿಲು ಅಡ್ಡಡ್ಡ ದಾಟುವ ಗಾತ್ರದವನು.

"ರೋಲರ್ ಸಿಕ್ಕಿಲ್ಲ ಅಂತ ನಾನೇ ಬಂದೆ, ಎರ್ವಿನ್. ತೂಕ ಸಾಕಾ?"

"ಮೂಲೆಗೆ ಹೋಗೋ ಕ್ಲೆಮ್, ಮೂಲೆಗೆ! ಅಲ್ಲಿ ಯಾರೂ ತುಳಿದಿಲ್ಲ! ದೇವರು ನಿನ್ನ ಕಾಪಾಡ್ಲಿ, ಇನ್ನೂ ನಾಲ್ಕು ಸಲ ನೆಗಿ!"

ಲಿಯೋನಾ ನುಡಿಸುತ್ತಲೇ ಗಂಡನನ್ನು ನೋಡಿದಳು. ಅವನ ಕಾಲು ಜಗಲಿಯ ಹಲಗೆಯ ಮೇಲೆ ತಾಳಕ್ಕೆ ಸರಿಯಾಗಿ ಏರಿ ಇಳಿಯುತ್ತಿತ್ತು. ಒಂದಾದ ಮೇಲೆ ಒಂದರಂತೆ ಹಾಡುಗಳು ಹೋದವು. ಕೊನೆಯ ಹಾಡಿಗೆ ದಪ್ಪ ದಪ್ಪ ಹನಿ ಬಿದ್ದವು, ಯಾರೂ ನಿಲ್ಲಲಿಲ್ಲ. ಮಳೆ ರಪರಪ ಹೊಡೆಯತೊಡಗಿದ ಮೇಲೆಯೇ ಎಲ್ಲರೂ ಕೇಕೆ ಹಾಕುತ್ತಾ ಮಣ್ಣಿನ ಶೂಗಳಲ್ಲಿ ಅಡುಗೆಮನೆಗೆ ನುಗ್ಗಿದರು. ಲಿಯೋನಾ ಸಾಸೇಜು ಬೇಯಿಸಿ ಹುಳಿ ಎಲೆಕೋಸಿನ ಜೊತೆ ಬಡಿಸಿದಳು. ಕಿಟಕಿಯ ಬಳಿ ನಿಂತ ಎರ್ವಿನ್ ತಿನ್ನುವುದನ್ನು ಮರೆತು ರಸ್ತೆಯಂಚಿಗೆ ಇಳಿಯುವ ನೀರನ್ನೇ ನೋಡುತ್ತಿದ್ದ.

"ಬೀಜ ಬರ್ತಿಲ್ಲ," ಎಂದು ತಿರುಗಿ ಪಿಸುಗುಟ್ಟಿದ. "ಲೀ, ಬರೀ ನೀರು. ಬೀಜ ಒಂದೂ ಬರ್ತಿಲ್ಲ!"

ಎಂಟು ದಿನಕ್ಕೆ ಹಸಿರು ಕಂಡಿತು. ಬಗ್ಗಿ, ಕೆನ್ನೆ ನೆಲಕ್ಕೆ ತಾಗಿಸಿ ನೋಡಿದರೆ ಮಾತ್ರ ಕಾಣುವ ಹಸಿರು. ಲಿಯೋನಾ ಹಾಗೆ ಮಲಗಿ ನೋಡಿ ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಓಡಿ ಬಂದರು. ಅಂದಿನಿಂದ ಬೆಳಿಗ್ಗೆ ಸಂಜೆ ತುಂತುರು ನೀರು. ಎಲೆ ಉದುರಲು ಶುರುವಾಯಿತು. ರೇಕು ಹಾಕಿದರೆ ಎಳೆಹುಲ್ಲು ಕಿತ್ತು ಬರುತ್ತದೆಂದು ಹಲಗೆ ಹಾಸಿಕೊಂಡು ಅದರ ಮೇಲೆ ಕುಳಿತು ಒಂದೊಂದೇ ಎಲೆ ಹೆಕ್ಕುತ್ತಿದ್ದಳು. ಅವಳು ಅಂಗಡಿಗೆ ಹೋದಾಗ ಎರ್ವಿನ್ ಬಗ್ಗಬಾರದ ಹೊಟ್ಟೆಯಲ್ಲೇ ಬಗ್ಗಿ ಎಲೆ ಹೆಕ್ಕುತ್ತಿದ್ದದ್ದನ್ನು ಬೀದಿಯವರೆಲ್ಲ ನೋಡಿದ್ದರು. ಹುಲ್ಲು ಬಂದರೆ ಪಂದ್ಯ ಸೋಲುತ್ತಾನೆ, ಬರದಿದ್ದರೆ ಹುಲ್ಲೇ ಇಲ್ಲ. ಪಾಪ, ಅವನಿಗೇ ತಾನು ಯಾವ ಕಡೆಯೆಂದು ಗೊತ್ತಿರಲಿಲ್ಲ.

ಒಂದು ಸಂಜೆ ಅವಳು ಪೈಪು ಹಿಡಿದು ನಿಂತಿದ್ದಾಗ ಕೇಳಿಯೇ ಬಿಟ್ಟಳು. "ಎರ್ವಿನ್, ನಿಂಗೆ ಕುಣಿತ ಕಂಡ್ರೆ ಅಷ್ಟೊಂದು ಆಗಲ್ವಾ?"

"ಯಾರಂದ್ರು?" ಎಂದ ಅವನು. "ಈ ಜಿಲ್ಲೇಲೇ ಚೆನ್ನಾಗಿ ಕುಣಿಯೋ ಹುಡುಗೀನ ಮದ್ವೆ ಆದೆ ನಾನು. ಮದ್ವೆ ಆದ ವರ್ಷವೇ ಅವಳು ಸ್ಟೇಜ್ ಹತ್ತಿದ್ಲು, ಇಳೀಲೇ ಇಲ್ಲ. ಎಲ್ಲಾ ಶನಿವಾರ ಅವಳ ಕೋಟು ಮಡಿಲಲ್ಲಿಟ್ಕೊಂಡು, ಕಡಲೇಕಾಯಿ ತಿನ್ಕೊಂಡು, ಊರವ್ರೆಲ್ಲ ಕುಣಿಯೋದನ್ನ ನೋಡ್ತಿದ್ದೆ. ಈ ಲಾನ್ ಮೇಲೂ ಅದೇ ಅಲ್ವಾ ಆಗೋದು? ಕುರ್ಚಿ ಮಾತ್ರ ಬೇರೆ."

ಪೈಪಿನ ನೀರು ಒಂದೇ ಕಡೆ ಸುರಿಯುತ್ತಿತ್ತು. "ಇಷ್ಟು ವರ್ಷ ಹೇಳಲೇ ಇಲ್ವಲ್ಲೋ ನೀನು!"

"ನೀನು ಕೇಳಲೇ ಇಲ್ಲ. ನೀರು ಸರ್ಸು, ಬೇರು ಕೊಳೆಯುತ್ತೆ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ತನ್ನ ಸಂತೋಷವನ್ನು ಊರಿಗೆಲ್ಲ ಹಂಚಿದವಳು, ಮನೆಯವನ ಪಾಲನ್ನು ಮರೆತಿದ್ದಳು. ಹಾಗೆಂದು ಕುಣಿತದ ಆಸೆ ಬಿಡಲು ಮನಸ್ಸು ಬರಲಿಲ್ಲ. ಆಸೆ ಬಿಟ್ಟರೆ ತಾನು ಏನಾಗಿ ಉಳಿಯುತ್ತೇನೆ ಎಂದು ಅವಳಿಗೆ ತೋಚಲಿಲ್ಲ.

ಅಕ್ಟೋಬರ್ ಎಂದೂ ಇಲ್ಲದಷ್ಟು ತಣ್ಣಗೆ ಬಂತು. ಹುಲ್ಲು ಹಸಿರಾಗಿತ್ತು, ಒತ್ತಾಗಿತ್ತು, ಬೀದಿಯಲ್ಲೇ ಚೆನ್ನಾಗಿತ್ತು. ಆದರೆ ಎತ್ತರ ನಿಂತುಹೋಯಿತು. ತಿಂಗಳ ಕೊನೆಯ ದಿನ ಲಿಯೋನಾ ಮಂಡಿಯೂರಿ ಬೆರಳಿಟ್ಟು ಅಳೆದಳು. ಎರಡು ಗೆಣ್ಣು. ಎರ್ವಿನ್‌ನ ಮಷೀನಿನ ಅಲಗನ್ನು ಅವನು ಎಂದೂ ಒಂದು ಬೆರಳುದ್ದಕ್ಕಿಂತ ಕೆಳಗೆ ಇಳಿಸಿದವನಲ್ಲ; ಅಲಗು ಹುಲ್ಲಿಗೆ ತಾಗುವಂತೆಯೇ ಇರಲಿಲ್ಲ. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು, ರಾತ್ರಿಗೆ ಮೊದಲ ಹಿಮ ಎನ್ನುತ್ತಿದ್ದರು. ನಾಳೆ ಹಬ್ಬ.

ಮಾತು ಮಾತೇ. ಲಿಯೋನಾ ಒಳಗೆ ಬಂದು ಕೈ ತೊಳೆದುಕೊಂಡು ಹಬ್ಬದ ಹಿಟ್ಟು ನಾದತೊಡಗಿದಳು. ಈ ಮಾತು ಇನ್ನು ಎತ್ತುವಂತಿಲ್ಲ. ಬರುವ ವಸಂತದಲ್ಲೂ ಇಲ್ಲ, ಅದರಾಚೆಯ ವಸಂತದಲ್ಲೂ ಇಲ್ಲ. ಕಣ್ಣಿಂದ ನೀರು ಹಿಟ್ಟಿಗೇ ಬಿತ್ತು. ಒರೆಸಿಕೊಳ್ಳಲೂ ಇಲ್ಲ.

ಆಗ ಹೊರಗೆ ಮಷೀನು ಗುರ್ರೆಂದಿತು.

ಅವಳು ಹಿಟ್ಟಿನ ಕೈಯಲ್ಲೇ ಜಗಲಿಗೆ ಓಡಿದಳು. ಎರ್ವಿನ್ ಕಿವಿಗೆ ಟೋಪಿ ಎಳೆದುಕೊಂಡು ಹುಲ್ಲು ಕತ್ತರಿಸುವ ಮಷೀನನ್ನು ತಳ್ಳುತ್ತಿದ್ದ. ಡಾಕ್ಟರು ಒಪ್ಪಿಗೆ ಕೊಟ್ಟು ಎರಡೇ ದಿನವಾಗಿತ್ತು. ಈ ತುದಿಯಿಂದ ಆ ತುದಿಗೆ, ತಿರುಗಿ, ಮತ್ತೆ ಈ ತುದಿಗೆ. ಎಳೆಹುಲ್ಲಿನ ಮೇಲೆ ಚಕ್ರದ ಗುರುತು ಸಾಲಾಗಿ ಮೂಡುತ್ತಿತ್ತು. ಒಂದು ಗೀಟು ಮೂಡಿದರೂ ಮೂರು ದಿನ ಊಟ ಬಿಡುವ ಮನುಷ್ಯ ತಾನೇ ಅದನ್ನು ತುಳಿಯುತ್ತಾ, ಎಲ್ಲೂ ಅವಸರ ಮಾಡದೆ, ಮೇಪಲ್ ಮರದ ಬುಡವನ್ನೂ ಸುತ್ತಿ ಬಂದು, ಪೂರ್ತಿ ಅಂಗಳ ಮುಗಿಸಿ ಸಿಮೆಂಟಿನ ಮೇಲೆ ಮಷೀನ್ ನಿಲ್ಲಿಸಿದ.

ಲಿಯೋನಾ ಮಷೀನಿನ ಹಿಂದಿನ ಚೀಲ ಬಿಚ್ಚಿ ನೋಡಿದಳು. ಮೂರು ನಾಲ್ಕು ಮೇಪಲ್ ಎಲೆ. ಹುಲ್ಲಿನದು ಒಂದು ಗರಿಯೂ ಇರಲಿಲ್ಲ.

"ಏನ್ ನೋಡ್ತೀಯ?" ಎಂದ ಎರ್ವಿನ್. "ಕತ್ತರಿಸೋ ಅಷ್ಟು ಬಂದಿದೆ. ಕತ್ತರಿಸ್ದೆ. ಗೆದ್ದೆ ನೀನು."

"ಎರ್ವಿನ್..."

"ಡೆಲ್ಫಿನ್‌ಗೆ ಫೋನ್ ಮಾಡಿ ಹೇಳು, ಸಾಕ್ಷಿ ಅವಳೇ ತಾನೆ." ಅವನು ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡು ಎಲೆಗಳನ್ನು ಒದರಿದ. ಚಳಿಗೋ ಏನೋ, ಮೂಗು ಕೆಂಪಾಗಿತ್ತು. "ಆದ್ರೆ ಒಂದು ಮಾತು. ಎಲ್ಲಾ ಭಾನುವಾರನೂ ಮೊದಲ್ನೇ ಹಾಡಿಗೆ ನೀನು ಬಾರಿಸ್ಬಾರ್ದು."

"ಮತ್ತೆ ಯಾರು ಬಾರಿಸ್ತಾರೆ? ಈ ಊರಲ್ಲಿ ಕನ್ಸರ್ಟೀನಾ ಗೊತ್ತಿರೋದು ನಂಗೊಬ್ಳಿಗೇ!"

ಎರ್ವಿನ್ ಅವಳ ಹಿಟ್ಟು ಮೆತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡ.

"ಜೂನ್‌ವರೆಗೂ ಟೈಮಿದೆ," ಎಂದ. "ಯಾರಿಗಾದ್ರೂ ಕಲಿಸು."